ಕೊಟ್ಟ ಮಾತಿನ ಕೊಳಗ

2024ರ ಮೇ ತಿಂಗಳಲ್ಲಿ ಸಿರಿವಂತ ದೇಶಗಳ ಕೂಟವಾದ ಒಇಸಿಡಿ ಒಂದು ಲೆಕ್ಕ ಪ್ರಕಟಿಸಿತು. ಹವಾಮಾನ ಬದಲಾವಣೆಯನ್ನು ಎದುರಿಸಲೆಂದು ಮುಂದುವರಿದ ದೇಶಗಳು 2022ರಲ್ಲಿ ಅಭಿವೃದ್ಧಿಶೀಲ ದೇಶಗಳಿಗೆ 11,590 ಕೋಟಿ ಡಾಲರ್ ಒದಗಿಸಿವೆ ಅಥವಾ ಹೊಂದಿಸಿಕೊಟ್ಟಿವೆ ಎಂದು ಅದು ಹೇಳಿತು. ವರ್ಷಕ್ಕೆ 10,000 ಕೋಟಿ ಡಾಲರ್ ಎಂದು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಕೊಟ್ಟ ಮಾತು, 2020ರ ಗಡುವು ಮುಗಿದು ಎರಡು ವರ್ಷದ ಮೇಲಾದರೂ, ನಡೆದುಹೋಯಿತು ಎಂಬುದು ಅದರ ತಾತ್ಪರ್ಯ. ಅದೇ ವರ್ಷ ಆಕ್ಸ್‌ಫ್ಯಾಮ್ ಸಂಸ್ಥೆ ಅದೇ ಹಣವನ್ನು ತಾನೂ ಎಣಿಸಿ, ಅದರ ನಿಜವಾದ ಬೆಲೆ 2,800ರಿಂದ 3,500 ಕೋಟಿ ಡಾಲರ್ ಅಷ್ಟೇ ಎಂದಿತು. ಒಂದು ಲೆಕ್ಕ ಇನ್ನೊಂದರ ಮೂರು ಪಟ್ಟಿಗೂ ಹೆಚ್ಚು. ಕೂಡುವ ಕಳೆಯುವ ಕೆಲಸದಲ್ಲಿ ಇಬ್ಬರೂ ತಪ್ಪಿಲ್ಲ, ಇಬ್ಬರ ಕಾಗದಗಳೂ ಎಲ್ಲರ ಎದುರಿಗಿವೆ. ಹೀಗಿದ್ದೂ ಮೊದಲ ಲೆಕ್ಕವನ್ನು ಓದಿದ ಸಾಮಾನ್ಯ ಮನುಷ್ಯ, ಇಷ್ಟು ಹಣ ಬಡ ದೇಶಗಳ ಕೈಸೇರಿತು ಎಂದೇ ತಿಳಿಯುತ್ತಾನೆ, ಮತ್ತು ಹಾಗೆ ತಿಳಿಯುವುದು ತಪ್ಪು. ಪ್ರತಿ ಪದವೂ ಸರಿಯಾಗಿದ್ದು ಕೇಳಿದವನಿಗೆ ದಕ್ಕಿದ ಅರ್ಥ ತಪ್ಪಾದರೆ, ಆಡಿದ ಮಾತನ್ನು ಸತ್ಯ ಎನ್ನಬೇಕೋ ಸುಳ್ಳು ಎನ್ನಬೇಕೋ?

ಇದು ಹಳೆಯ ಪ್ರಶ್ನೆ, ನಮ್ಮ ದರ್ಶನಕಾರರು ಇದನ್ನು ಮೈಮರೆತು ದಾಟಿದವರಲ್ಲ. ಪತಂಜಲಿಯ ಯೋಗಸೂತ್ರಕ್ಕೆ ವ್ಯಾಸರ ಹೆಸರಿನಲ್ಲಿರುವ ಭಾಷ್ಯ ಸತ್ಯವನ್ನು ವಿವರಿಸುವಾಗ, ಮಾತೂ ಮನಸ್ಸೂ ಇದ್ದದ್ದಕ್ಕೆ ಇದ್ದಂತೆ ಹೊಂದಿರಬೇಕು ಎನ್ನುವುದರೊಂದಿಗೆ ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಮಾತು ಇರುವುದು ನನ್ನ ಅರಿವನ್ನು ನಿಮಗೆ ದಾಟಿಸಲಿಕ್ಕೆ. ಆದ್ದರಿಂದ ಅದು ವಂಚಿಸುವಂಥದ್ದಾಗಬಾರದು, ಭ್ರಮೆಯಿಂದ ಹುಟ್ಟಿರಬಾರದು, ಕೇಳಿದವರಿಗೆ ಏನನ್ನೂ ತಿಳಿಸದ ಬರಿದು ಮಾತೂ ಆಗಬಾರದು ಎಂದು ಹೇಳುತ್ತದೆ. ಈ ಭಾಷ್ಯಕ್ಕೆ ಟೀಕೆ ಬರೆದ ವಾಚಸ್ಪತಿ ಮಿಶ್ರ ವಂಚಿಸುವ ಮಾತಿಗೆ ಆರಿಸಿಕೊಂಡ ಉದಾಹರಣೆ ದ್ರೋಣನಿಗೆ ಧರ್ಮರಾಯ ಕೊಟ್ಟ ಉತ್ತರ. ಅಶ್ವತ್ಥಾಮ ಎಂಬ ಆನೆ ಸತ್ತಿತ್ತು, ಧರ್ಮರಾಯ ಆನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡಿದ. ಆದರೆ ಕೇಳಿದವನು ಮಗನಿಗಾಗಿ ಕಾತರಿಸುತ್ತಿದ್ದ ತಂದೆ. ವಾಚಸ್ಪತಿಗೆ ಇದು ಸತ್ಯದ ಸಾಲಿನಲ್ಲಿ ನಿಲ್ಲದ ಮಾತು. ಹವಾಮಾನ ಹಣಕಾಸಿನ ಅಂತರರಾಷ್ಟ್ರೀಯ ಮಾತುಕತೆಗಳಲ್ಲಿ ಮೂವತ್ತು ವರ್ಷಗಳಿಂದ ಬೆಳೆದಿರುವುದು ಈ ಜಾತಿಯ ಅಸತ್ಯ ಎಂಬುದು ನನ್ನ ವಾದ. ಅಲ್ಲಿ ಕಟ್ಟುಸುಳ್ಳು ಅಪರೂಪ. ಮಾತು ಕೊಡುವಾಗ ಪದದ ಅರ್ಥವನ್ನು ಗೊತ್ತುಮಾಡದೆ ಬಿಟ್ಟು, ಮಾತು ಕೊಟ್ಟವರೇ ಆಮೇಲೆ ತಮಗೆ ಒಪ್ಪುವ ಅರ್ಥವನ್ನು ಅದರಲ್ಲಿ ತುಂಬಿಕೊಳ್ಳುವುದು ಅಲ್ಲಿಯ ಪದ್ಧತಿ.

ಒಪ್ಪಂದಗಳ ಭಾಷೆಯನ್ನೇ ನೋಡೋಣ. 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ನಾಲ್ಕನೆಯ ವಿಧಿಯಲ್ಲಿ ವಾಕ್ಯಕ್ಕೆ ಕರ್ತೃಪದವಿತ್ತು, ಕ್ರಿಯಾಪದಕ್ಕೆ ಕಡ್ಡಾಯದ ಬಲವಿತ್ತು. ಪಟ್ಟಿಯಲ್ಲಿ ಹೆಸರಿಸಿದ ಮುಂದುವರಿದ ದೇಶಗಳು, ಅಭಿವೃದ್ಧಿಶೀಲ ದೇಶಗಳಿಗೆ ತಗಲುವ ಹೆಚ್ಚುವರಿ ವೆಚ್ಚಕ್ಕಾಗಿ ಹೊಸದಾದ, ಹೆಚ್ಚುವರಿಯಾದ ಹಣವನ್ನು ಒದಗಿಸತಕ್ಕದ್ದು ಎಂದು ಅದು ಹೇಳಿತು. ಯಾವುದಕ್ಕೆ ಹೋಲಿಸಿದರೆ ಹೊಸದು, ಯಾವುದರ ಮೇಲೆ ಹೆಚ್ಚುವರಿ ಎಂಬುದನ್ನು ಮಾತ್ರ ಹೇಳಲಿಲ್ಲ. ಮೊದಲ ಬಿರುಕು ಅಲ್ಲಿಯೇ ಇತ್ತು. 2009ರ ಹೊತ್ತಿಗೆ 'ಒದಗಿಸು' ಹೋಗಿ 'ಕ್ರೋಡೀಕರಿಸು' ಬಂತು. ಹಣ ಸರ್ಕಾರದ್ದಾಗಬಹುದು, ಖಾಸಗಿಯದಾಗಬಹುದು, ಬ್ಯಾಂಕುಗಳದ್ದಾಗಬಹುದು, ಬೇರೆ ಮೂಲದ್ದೂ ಆಗಬಹುದು ಎಂದಾಯಿತು. ಒದಗಿಸುವವನು ತನ್ನ ಕಿಸೆಗೆ ಕೈ ಹಾಕುತ್ತಾನೆ. ಕ್ರೋಡೀಕರಿಸುವವನು ಇನ್ನೊಬ್ಬರ ಕಿಸೆಯನ್ನು ತೋರಿಸಿದರೂ ಸಾಕು. ಸಭೆಯ ಹೊರಗೆ ನಿಂತು ಸುದ್ದಿ ಓದಿದ ಜಗತ್ತು ಎರಡು ಕ್ರಿಯಾಪದಗಳನ್ನೂ ಒಂದೇ ಎಂದು ಕೇಳಿಸಿಕೊಂಡಿತು.

ಗೌತಮನ ನ್ಯಾಯಸೂತ್ರದಲ್ಲಿ ಇಂಥ ತಂತ್ರಕ್ಕೆ ಛಲ ಎಂದು ಹೆಸರು. ಕನ್ನಡದಲ್ಲಿ ಛಲ ಎಂದರೆ ಹಿಡಿದದ್ದನ್ನು ಬಿಡದ ಗುಣ, ಮೆಚ್ಚುಗೆಯ ಮಾತು. ನ್ಯಾಯಶಾಸ್ತ್ರದಲ್ಲಿ ಅದು ವಾದದೊಳಗಿನ ಮೋಸ. ಅದರಲ್ಲಿ ಮೊದಲನೆಯದು ವಾಕ್ಛಲ, ಆಡಿದವನ ಉದ್ದೇಶವನ್ನು ಬಿಟ್ಟು ಪದದ ಇನ್ನೊಂದು ಅರ್ಥವನ್ನು ಹಿಡಿದು ನಿಲ್ಲುವುದು. ಈ ಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಕೊಡುವ ಉದಾಹರಣೆ ಸೊಗಸಾಗಿದೆ: ಹುಡುಗನೊಬ್ಬ ನವಕಂಬಳಿ ಹೊದ್ದಿದ್ದಾನೆ ಎಂದು ಒಬ್ಬ ಹೇಳಿದರೆ, ಇನ್ನೊಬ್ಬ ಒಂಬತ್ತು ಕಂಬಳಿ ಎಲ್ಲಿವೆ, ಇರುವುದು ಒಂದೇ ಎಂದು ವಾದಿಸುತ್ತಾನೆ. ಅಲ್ಲಿ ಪದವನ್ನು ತಿರುಚುವವನು ಎದುರಾಳಿ. ಹವಾಮಾನ ಹಣಕಾಸಿನಲ್ಲಿ ಇದು ತಿರುವುಮುರುವಾಗಿದೆ: ಒಂಬತ್ತು ಕಂಬಳಿ ಎಂದು ಕೇಳುವಂತೆ ಮಾತು ಕೊಟ್ಟವನೇ, ಕೊಡುವ ದಿನ ಬಂದಾಗ ತಾನು ಹೇಳಿದ್ದು ಒಂದು ಹೊಸ ಕಂಬಳಿ ಎನ್ನುತ್ತಾನೆ. ತನ್ನ ಮಾತನ್ನು ತಾನೇ ತಿರುಚುವ ವಾದಿಯನ್ನು ಗೌತಮ ಛಲದ ಕೆಳಗೆ ಸೇರಿಸಲಿಲ್ಲ. ಪ್ರಾಯಶಃ ವಾದವೆಂದರೆ ಅಲ್ಲಿ ಸತ್ಯ ಯಾವುದೆಂಬ ಚರ್ಚೆ, ಸಾಲ ಯಾರದೆಂಬ ಚರ್ಚೆಯಲ್ಲ.

ಇದರ ಒಂದು ಉದಾಹರಣೆ ಕರ್ನಾಟಕದ ನೆಲದಲ್ಲೇ ನಿಂತಿದೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿ ಕಟ್ಟಿರುವ ಕಲ್ಲಿದ್ದಲಿನ ಉಷ್ಣ ವಿದ್ಯುತ್ ಸ್ಥಾವರದಲ್ಲಿ ತಲಾ 800 ಮೆಗಾವಾಟಿನ ಮೂರು ಘಟಕಗಳಿವೆ. ಅದಕ್ಕೆ ಹೋದ ಹಣದಲ್ಲಿ ಜಪಾನಿನ ಸಾಲವೂ ಸೇರಿತ್ತು. ಕೂಡಗಿಗೂ ಬಾಂಗ್ಲಾದೇಶದ ಮಾತಾರ್‌ಬಾರಿಯ ಕಲ್ಲಿದ್ದಲು ಸ್ಥಾವರಕ್ಕೂ ಕೊಟ್ಟ ಸಾಲವನ್ನು, ಒಟ್ಟು 63 ಕೋಟಿ ಡಾಲರನ್ನು, ಜಪಾನ್ ತನ್ನ ಹವಾಮಾನ ಹಣಕಾಸಿನ ಲೆಕ್ಕದಲ್ಲಿ ತೋರಿಸಿದೆ ಎಂದು 2015ರಲ್ಲಿ ಅಸೋಸಿಯೇಟೆಡ್ ಪ್ರೆಸ್ ವರದಿ ಮಾಡಿತು. ಇಂಡೊನೇಷ್ಯಾದ ಕಲ್ಲಿದ್ದಲು ಸ್ಥಾವರಗಳ ಸಾಲವೂ ಅದೇ ಲೆಕ್ಕದಲ್ಲಿದ್ದದ್ದು ಅದಕ್ಕೂ ಮೊದಲೇ ಹೊರಬಂದಿತ್ತು. ಜಪಾನಿನ ಸಮರ್ಥನೆ ಇಷ್ಟು: ಈ ಸ್ಥಾವರಗಳ ತಂತ್ರಜ್ಞಾನ ಹಳೆಯದಕ್ಕಿಂತ ದಕ್ಷ, ಅಷ್ಟೇ ವಿದ್ಯುತ್ತಿಗೆ ಕಡಿಮೆ ಕಲ್ಲಿದ್ದಲು ಸುಡುತ್ತದೆ, ಆದ್ದರಿಂದ ಹೊಗೆ ಕಡಿಮೆ. ಇದರಲ್ಲಿ ಸುಳ್ಳಿಲ್ಲ. ಆದರೆ ಯಾವುದಕ್ಕಿಂತ ಕಡಿಮೆ? ಕಟ್ಟದೇ ಇದ್ದ, ಇನ್ನೂ ಕೆಟ್ಟ ಇನ್ನೊಂದು ಸ್ಥಾವರವನ್ನು ಕಲ್ಪಿಸಿಕೊಂಡು ಅದರ ಪಕ್ಕದಲ್ಲಿ ಇಟ್ಟಾಗ ಮಾತ್ರ. ಹಾಗೆ ಹೋಲಿಸಿ ಬಂದ ಉಳಿತಾಯ ಒಂದು ಪಾಲಾದರೆ, ಲೆಕ್ಕಕ್ಕೆ ಹಿಡಿದದ್ದು ಸಾಲದ ಪೂರ್ತಿ ಮೊತ್ತ. ಕಲ್ಲಿದ್ದಲನ್ನು ಹವಾಮಾನ ಹಣಕಾಸಿಗೆ ಸೇರಿಸಬಾರದೆಂಬ ನಿಯಮ ಆಗ ಇರಲಿಲ್ಲವಾದ್ದರಿಂದ ನಿಯಮಭಂಗವೂ ಆಗಲಿಲ್ಲ. 2014ರ ಜುಲೈನಲ್ಲಿ ಅದೇ ಕೂಡಗಿಯಲ್ಲಿ, ಭೂಮಿ ಮತ್ತು ಬೂದಿಯ ಭಯದಿಂದ ಪ್ರತಿಭಟಿಸಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿ ಕೆಲವರು ಗಾಯಗೊಂಡಿದ್ದರು. ಆ ಊರಿನವರಿಗೆ, ನಿಮ್ಮ ಎದುರಿಗಿರುವ ಈ ಚಿಮಣಿ ಭೂಮಿಯ ತಾಪವನ್ನು ತಡೆಯಲು ಸಿರಿವಂತ ದೇಶವೊಂದು ಮಾಡಿದ ನೆರವಿನ ಲೆಕ್ಕದಲ್ಲಿದೆ ಎಂದು ಯಾರಾದರೂ ಹೇಳಿದ್ದರೆ, ಅವರು ಅದನ್ನು ಯಾವ ಅರ್ಥದಲ್ಲಿ ತೆಗೆದುಕೊಳ್ಳಬೇಕಿತ್ತು?

ಕೂಡಗಿ ಒಂಟಿ ಉದಾಹರಣೆಯೂ ಅಲ್ಲ. 2023ರಲ್ಲಿ ರಾಯಿಟರ್ಸ್ ನಡೆಸಿದ ತನಿಖೆಯಲ್ಲಿ ಏಷ್ಯಾದಲ್ಲಿ ತೆರೆದ ಇಟಲಿಯ ಚಾಕೊಲೇಟ್ ಅಂಗಡಿಗಳು, ಹೈಟಿಯ ಕಡಲತಡಿಯ ಹೋಟೆಲಿನ ವಿಸ್ತರಣೆ, ಈಜಿಪ್ಟಿನ ವಿಮಾನ ನಿಲ್ದಾಣ, ಅರ್ಜೆಂಟೀನಾದ ಕಾಡಿನ ಹಿನ್ನೆಲೆಯ ಒಂದು ಪ್ರೇಮಕಥೆಯ ಸಿನಿಮಾ ಇವೆಲ್ಲ ಹವಾಮಾನ ಹಣಕಾಸಿನ ವರದಿಗಳಲ್ಲಿ ಸಿಕ್ಕವು. ಆದರೆ ಇವು ಬಾಯಿಗೆ ಬೇಗ ಸಿಗುವ ಉದಾಹರಣೆಗಳು. ಮೊತ್ತದ ದೃಷ್ಟಿಯಿಂದ ಚಿಕ್ಕವು. ನಿಜವಾದ ಭಾರ ಸಾಲದಲ್ಲಿದೆ. ಒಇಸಿಡಿಯ ಲೆಕ್ಕದಂತೆಯೇ 2022ರ ಸಾರ್ವಜನಿಕ ಹಣದಲ್ಲಿ ಶೇ. 69 ಸಾಲ, ಅನುದಾನ ಶೇ. 28. ನೂರು ರೂಪಾಯಿ ಸಾಲ ಕೊಟ್ಟು, ಬಡ್ಡಿಸಮೇತ ವಸೂಲು ಮಾಡಿಕೊಂಡು, ನೂರು ರೂಪಾಯಿ ಕೊಟ್ಟೆ ಎಂದು ಬರೆದುಕೊಳ್ಳುವ ಪದ್ಧತಿ ಇದು. ಸಾಲದೊಳಗೆ ನೆರವಿನ ಪಾಲು ಎಷ್ಟು ಎಂದು ಅಳೆಯುವುದು ಕಷ್ಟ ಎನ್ನುವ ಹಾಗೂ ಇಲ್ಲ. ಇದೇ ಸಿರಿವಂತ ದೇಶಗಳು ತಮ್ಮ ಅಭಿವೃದ್ಧಿ ನೆರವಿನ ಲೆಕ್ಕದಲ್ಲಿ, 2018ರ ಅಂಕಿಗಳಿಂದ ಮೊದಲುಗೊಂಡು, ಸಾಲದ ಪೂರ್ತಿ ಮೊತ್ತವನ್ನು ಬಿಟ್ಟು ಅದರಲ್ಲಿರುವ ರಿಯಾಯಿತಿಯನ್ನು ಮಾತ್ರ ನೆರವೆಂದು ಎಣಿಸುತ್ತವೆ. ಅದೇ ಸಾಲ ಹವಾಮಾನದ ಪುಸ್ತಕಕ್ಕೆ ಬಂದಾಗ ಪೂರ್ತಿ ಮೊತ್ತ ಬರೆಯಲ್ಪಡುತ್ತದೆ. ಅಳೆದು ಕೊಡುವಾಗ ಒಂದು ಕೊಳಗ, ಅಳೆದು ಪಡೆಯುವಾಗ ಇನ್ನೊಂದು ಕೊಳಗ ಇಟ್ಟುಕೊಂಡ ಮನೆಗಳ ಮಾತನ್ನು ನಮ್ಮ ಹಳ್ಳಿಗಳು ಮರೆತಿಲ್ಲ. ಇಲ್ಲಿ ಎರಡು ಕೊಳಗಗಳೂ ಒಂದೇ ಕಚೇರಿಯಲ್ಲಿವೆ.

ಕೊಳಗ ಕೊಡುವವನ ಕೈಯಲ್ಲೇ ಉಳಿದದ್ದು ಹೇಗೆ ಎಂದು ಕೇಳಿದರೆ ಪ್ರಶ್ನೆ ದಾನಕ್ಕೂ ಋಣಕ್ಕೂ ಇರುವ ಭೇದಕ್ಕೆ ಬಂದು ಮುಟ್ಟುತ್ತದೆ. ದಾನವಾದರೆ ಎಷ್ಟು, ಯಾವಾಗ, ಯಾವ ರೂಪದಲ್ಲಿ ಎಂಬುದು ದಾನಿಯ ಇಷ್ಟ. ಪಡೆಯುವವನು ಅಳತೆ ಕೇಳಿದರೆ ಅದು ಅವನ ಉದ್ಧಟತನ. ಋಣವಾದರೆ ಅಳತೆ ಇಬ್ಬರಿಗೂ ಸೇರಿದ್ದು. ವಾತಾವರಣದಲ್ಲಿ ಸೇರಿದ ಇಂಗಾಲ ಶತಮಾನಗಳ ಕಾಲ ಅಲ್ಲೇ ಉಳಿಯುವುದರಿಂದ, ಅದನ್ನು ಮೊದಲು ತುಂಬಿ ಸಿರಿವಂತರಾದವರು ಉಳಿದವರ ಪಾಲಿನ ಜಾಗವನ್ನು ಬಳಸಿಕೊಂಡರು ಎಂಬ ಅರಿವೇ 1992ರ ಒಪ್ಪಂದದ ಬುನಾದಿ. ಎಲ್ಲರಿಗೂ ಸೇರಿದ, ಆದರೆ ಬೇರೆಬೇರೆ ಪ್ರಮಾಣದ ಹೊಣೆ ಎಂಬ ಅದರ ತತ್ತ್ವ ಋಣದ ಭಾಷೆಯಲ್ಲಿದೆ. ಅಲ್ಲಿಂದೀಚೆಗಿನ ಒಂದೊಂದು ಪಠ್ಯವೂ ಅದನ್ನು ದಾನದ ಭಾಷೆಗೆ ಜಾರಿಸುತ್ತ ಬಂದಿದೆ. 2015ರಲ್ಲಿ ಪ್ಯಾರಿಸ್‌ನಲ್ಲಿ, ಹವಾಮಾನ ಬದಲಾವಣೆಯಿಂದಾಗುವ ಹಾನಿ ಮತ್ತು ನಷ್ಟದ ವಿಧಿಯನ್ನು ಒಪ್ಪಿದ ಕೈಗಳೇ, ಈ ವಿಧಿಯಿಂದ ಯಾವ ಹೊಣೆಗಾರಿಕೆಗೂ ಪರಿಹಾರಕ್ಕೂ ಆಧಾರ ಸಿಗುವುದಿಲ್ಲ ಎಂಬ ಸಾಲನ್ನು ಪಕ್ಕದ ನಿರ್ಣಯದಲ್ಲಿ ಬರೆದವು. ಋಣ ಎಂದು ಕರೆಯಲು ಯಾರೂ ದಾರಿ ಕಂಡುಕೊಳ್ಳಬಾರದೆಂಬ ಎಚ್ಚರ ಅದರಲ್ಲಿ ಸ್ಪಷ್ಟ. ಎಲ್ಲಿ ಖಚಿತವಾಗಿ ಬರೆಯಬೇಕೋ ಅಲ್ಲಿ ಈ ಸಭೆಗಳಿಗೆ ಖಚಿತವಾಗಿ ಬರೆಯಲು ಬರುತ್ತದೆ.

ರಾಜತಾಂತ್ರಿಕತೆಯನ್ನು ಬಲ್ಲವರು ಇದಕ್ಕೆ ಒಂದು ಆಕ್ಷೇಪ ಎತ್ತಬಹುದು. ಸುಮಾರು ಇನ್ನೂರು ದೇಶಗಳು ಒಮ್ಮತದಿಂದ ಒಪ್ಪಬೇಕಾದ ಪಠ್ಯದಲ್ಲಿ ಪದಗಳನ್ನು ಸ್ವಲ್ಪ ಸಡಿಲವಾಗಿ ಬಿಡದಿದ್ದರೆ ಒಪ್ಪಂದವೇ ಹುಟ್ಟುವುದಿಲ್ಲ. ಸಡಿಲು ಮೋಸವಲ್ಲ, ಜೊತೆಯಾಗಿ ನಡೆಯಲು ಬಿಟ್ಟ ಜಾಗ ಎಂಬುದು ಆ ಆಕ್ಷೇಪ. ಇದರಲ್ಲಿ ಹುರುಳಿದೆ. ಪ್ಯಾರಿಸ್ ಒಪ್ಪಂದದ ಕೊನೆಯ ಗಂಟೆಗಳಲ್ಲಿ, ಹೊರಸೂಸುವಿಕೆಯ ಇಳಿಕೆಗೆ ಸಂಬಂಧಿಸಿದ ಒಂದು ವಾಕ್ಯದಲ್ಲಿ 'ಮಾಡತಕ್ಕದ್ದು' ಎಂಬುದನ್ನು 'ಮಾಡಬೇಕು' ಎಂದು ಇಳಿಸದಿದ್ದರೆ ಅಮೆರಿಕ ಸಹಿ ಹಾಕುವ ಸ್ಥಿತಿಯಲ್ಲಿರಲಿಲ್ಲ. ಅದು ನಡೆದದ್ದು ಬರಹದ ತಿದ್ದುಪಡಿಯ ಹೆಸರಿನಲ್ಲಿ, ಎಲ್ಲರ ಎದುರಿಗೆ. ಅದರ ಪರಿಣಾಮ ಏನೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ನಾನು ಬೇರ್ಪಡಿಸಬೇಕೆನ್ನುವುದು ಈ ಎರಡನ್ನು: ಇಬ್ಬರಿಗೂ ಗೊತ್ತಿರುವ, ಇಬ್ಬರನ್ನೂ ಸಮವಾಗಿ ಕಟ್ಟುವ ಸಡಿಲು ಒಂದು, ಒಬ್ಬನು ಮಾತ್ರ ಆಮೇಲೆ ಬಿಗಿಮಾಡಬಲ್ಲ ಸಡಿಲು ಇನ್ನೊಂದು. ಹವಾಮಾನ ಹಣಕಾಸಿಗೆ ಎಲ್ಲರೂ ಒಪ್ಪಿದ ವ್ಯಾಖ್ಯೆಯೇ ಇಲ್ಲ, ವರದಿ ಮಾಡುವವರು ಕೊಟ್ಟವರೇ, ಯಾವುದು ಲೆಕ್ಕಕ್ಕೆ ಸೇರುತ್ತದೆಂದು ತೀರ್ಮಾನಿಸುವವರೂ ಅವರೇ. ಇಂಥ ಸಡಿಲು ಒಪ್ಪಂದವನ್ನು ಸಾಧ್ಯವಾಗಿಸಿದ ಮೇಲೆ ಅದೇ ಒಪ್ಪಂದವನ್ನು ಒಳಗಿನಿಂದ ತಿನ್ನುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. 1992ರ ಪಟ್ಟಿ ಹಳತಾಯಿತು. ಚೀನಾ ಇಂದು ವರ್ಷವರ್ಷದ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಹೊರಸೂಸುಗ, ಸಿಂಗಪುರ, ಕತಾರ್‌ನಂಥ ದೇಶಗಳು ಪಟ್ಟಿಯಲ್ಲಿರುವ ಹಲವು ದೇಶಗಳಿಗಿಂತ ಸಿರಿವಂತ, ಅವರೇಕೆ ಕೊಡಬಾರದು? ಕೊಡಬೇಕು ಎಂದೇ ನನ್ನ ಅಭಿಪ್ರಾಯ. ದುಬೈ ಹವಾಮಾನ ಸಮ್ಮೇಳನದಲ್ಲಿ ಯುಎಇ ಹಾನಿ ಮತ್ತು ನಷ್ಟದ ನಿಧಿಗೆ 10 ಕೋಟಿ ಡಾಲರ್ ಘೋಷಿಸಿ ಇದು ಸಾಧ್ಯವೆಂದು ತೋರಿಸಿತು. ಆದರೆ ಈ ನ್ಯಾಯವಾದ ಪ್ರಶ್ನೆಯನ್ನು ಮಾತುಕತೆಯಲ್ಲಿ ಬಳಸುವ ರೀತಿಯಲ್ಲಿ ನ್ಯಾಯಸೂತ್ರ ಸಾಮಾನ್ಯಛಲ ಎಂದು ಕರೆದದ್ದು ನುಸುಳುತ್ತದೆ: ಒಂದು ವರ್ಗದ ಕೆಲವರಲ್ಲಿರುವ ಗುಣವನ್ನು ಇಡೀ ವರ್ಗಕ್ಕೆ ಹಬ್ಬಿಸುವುದು. ಅಭಿವೃದ್ಧಿಶೀಲ ಎಂಬ ಹೆಸರಿನ ಕೆಳಗೆ ಕತಾರವೂ ಇದೆ, ಮಲಾವಿಯೂ ಇದೆ. ಕತಾರಿನ ಸಿರಿಯನ್ನು ತೋರಿಸಿ ಮಲಾವಿಗೆ ಬರಬೇಕಾದದ್ದನ್ನು ಮುಂದೂಡಿದರೆ ವಾದ ಗೆದ್ದಿರಬಹುದು, ಸಾಲ ತೀರಿಲ್ಲ. ಹೊಸ ಸಾಲಗಾರರು ಸಿಕ್ಕಿದರೆಂದು ಹಳೆಯ ಸಾಲಗಾರನ ಪತ್ರ ಹರಿದುಹೋಗುವುದಿಲ್ಲ.

ತಪ್ಪುದಾರಿಗೆಳೆಯುವ ವಾದ ಒಂದೇ ಕಡೆಯವರ ಸೊತ್ತೆಂದು ನಾನು ಹೇಳಿದರೆ ನಾನೂ ಅದೇ ತಪ್ಪು ಮಾಡಿದಂತೆ. ಭಾರತದ ಹಣಕಾಸು ಸಚಿವಾಲಯ 2015ರಲ್ಲಿ ಒಇಸಿಡಿಯ ಸುಮಾರು 6,200 ಕೋಟಿ ಡಾಲರ್ ಲೆಕ್ಕವನ್ನು ಅಲ್ಲಗಳೆದು, ಖಚಿತವಾಗಿ ಹೇಳಬಹುದಾದದ್ದು 220 ಕೋಟಿ ಮಾತ್ರ ಎಂದಿತು. ಒಇಸಿಡಿಯ ವಿಧಾನದ ಮೇಲೆ ಅದು ಎತ್ತಿದ ಪ್ರಶ್ನೆಗಳು ಬಹುಪಾಲು ಸರಿ. ಆದರೆ ಆ 220 ಕೋಟಿ ಹವಾಮಾನಕ್ಕೆಂದೇ ಕಟ್ಟಿದ ವಿಶೇಷ ನಿಧಿಗಳಿಂದ ಹೊರಬಂದ ಹಣವನ್ನಷ್ಟೇ ಹಿಡಿದದ್ದು, ಅದನ್ನು ಇಡೀ ಮೊತ್ತದ ಎದುರಿಗಿಟ್ಟದ್ದು ಸಮಹೋಲಿಕೆಯಲ್ಲ. ಇನ್ನೊಂದು ಇದಕ್ಕಿಂತ ಆಳದ್ದು. 1991ರಲ್ಲಿ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್, ಬಡ ರೈತನ ಗದ್ದೆಯಿಂದ ಏಳುವ ಮೀಥೇನನ್ನೂ ಸಿರಿವಂತನ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಗೆ ಹಾಕಿದ ಅಮೆರಿಕನ್ ಸಂಸ್ಥೆಯೊಂದರ ವರದಿಯನ್ನು ಪ್ರಶ್ನಿಸಿ, ಬದುಕಲು ಬೇಕಾದ ಹೊರಸೂಸುವಿಕೆ ಬೇರೆ, ಭೋಗದ್ದು ಬೇರೆ ಎಂದು ತೋರಿಸಿದರು. ಭಾರತದ ವಾದಕ್ಕೆ ಇಂದಿಗೂ ಅದು ನೈತಿಕ ಬೆನ್ನೆಲುಬು. ಅದೇ ಭೇದವನ್ನು ದೇಶದ ಒಳಕ್ಕೆ ಹಿಡಿದರೆ, ಬಡವರ ಕಡಿಮೆ ಸರಾಸರಿಯ ಹಿಂದೆ ನಮ್ಮ ಸಿರಿವಂತರು ಅಡಗಿದ್ದಾರೆ ಎಂಬ ಮಾತೂ ಏಳುತ್ತದೆ. 2007ರಲ್ಲಿ ಗ್ರೀನ್‌ಪೀಸ್ ಇಂಡಿಯಾ ಅದನ್ನೇ ವರದಿಯಾಗಿ ಬರೆಯಿತು. ಹೊರಗೆ ಋಣ ಕೇಳುವ ದೇಶ ಒಳಗಿನ ಋಣವನ್ನು ಒಪ್ಪಿಕೊಂಡಷ್ಟೂ ಅದರ ಮಾತಿನ ತೂಕ ಹೆಚ್ಚುತ್ತದೆ. ಹಾಗೆಂದು ಕೇಳುವವನ ದೋಷದಿಂದ ಕೊಡಬೇಕಾದವನ ಸಾಲ ಕರಗುವುದೂ ಇಲ್ಲ.

2024ರ ನವೆಂಬರ್ 24ರ ಬೆಳಗಿನ ಜಾವ ಬಾಕುವಿನ ಹವಾಮಾನ ಸಮ್ಮೇಳನದಲ್ಲಿ ಆದದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಹೊಸ ಗುರಿ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂದು ಅಧ್ಯಕ್ಷರ ಸುತ್ತಿಗೆ ಬಿತ್ತು; ಅದಕ್ಕೂ ಮೊದಲೇ ಮಾತಾಡಲು ಕೇಳಿದ್ದೆವು ಎಂದು ಭಾರತ ಆಮೇಲೆ ಪ್ರತಿಭಟಿಸಿತು, ನಿಯೋಗದ ಚಾಂದನಿ ರೈನಾ ಈ ಪಠ್ಯವನ್ನು ದೃಷ್ಟಿಭ್ರಮೆ ಎಂದು ಕರೆದರು. ಗುರಿ ಮೂರು ಪಟ್ಟಾಯಿತು ಎಂದು ಸುದ್ದಿಯಾಯಿತು. ಬೆಲೆಗಳು ವರ್ಷಕ್ಕೆ ಶೇ. 3ರಂತೆ ಏರುತ್ತವೆ ಎಂದಿಟ್ಟುಕೊಂಡರೂ, 2009ರ 10,000 ಕೋಟಿಯ ಕೊಳ್ಳುವ ಶಕ್ತಿಗೆ 2035ರಲ್ಲಿ ಸುಮಾರು 21,500 ಕೋಟಿ ಬೇಕು. ಅಂದರೆ ಮೂರು ಪಟ್ಟು ಎಂಬುದು ಒಂದೂವರೆ ಪಟ್ಟಿಗೂ ಕಡಿಮೆ. ಜೊತೆಗೆ ಬುಟ್ಟಿಯೂ ಹಿಗ್ಗಿತು. ಮೊದಲು ಬಹುಪಕ್ಷೀಯ ಅಭಿವೃದ್ಧಿ ಬ್ಯಾಂಕುಗಳ ಹಣದಲ್ಲಿ ಸಿರಿವಂತ ದೇಶಗಳ ಪಾಲನ್ನಷ್ಟೇ ಎಣಿಸುತ್ತಿದ್ದರು. ಇನ್ನು ಆ ಬ್ಯಾಂಕುಗಳಿಂದ ಹವಾಮಾನಕ್ಕೆಂದು ಹೊರಹೋಗುವ ಎಲ್ಲ ಹಣವನ್ನೂ ಎಣಿಸಬಹುದು, ಅದರಲ್ಲಿ ಭಾರತದಂಥ ಷೇರುದಾರರ ಬಂಡವಾಳದ ಪಾಲೂ ಇದೆ. ಅಭಿವೃದ್ಧಿಶೀಲ ದೇಶಗಳು ಕೇಳಿದ್ದ ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಸಹ ಪಠ್ಯದಲ್ಲಿದೆ, ಆದರೆ ಅದು ಎಲ್ಲರೂ ಸೇರಿ ದುಡಿಯಬೇಕೆಂಬ ಕರೆಯ ರೂಪದಲ್ಲಿದೆ. 1992ರಲ್ಲಿ ಹೆಸರು ಹಿಡಿದು ಕರೆದಿದ್ದ ಕರ್ತೃ ಬಾಕುವಿಗೆ ಬರುವಾಗ ಮುಂದಾಳತ್ವ ವಹಿಸುವವನಾಗಿ, 1.3 ಲಕ್ಷ ಕೋಟಿಯ ವಾಕ್ಯದಲ್ಲಿ 'ಎಲ್ಲರೂ' ಆಗಿ ಕರಗಿಹೋದ. ನ್ಯಾಯಸೂತ್ರ ವಾದಿಯ ಸೋಲಿಗೆ ಹೇಳುವ ನಿಗ್ರಹಸ್ಥಾನಗಳಲ್ಲಿ ಪ್ರತಿಜ್ಞಾಂತರ ಒಂದು: ಹಿಡಿದ ಪ್ರತಿಜ್ಞೆಯನ್ನು ಸಾಧಿಸಲಾಗದೆ ಅದರ ಜಾಗದಲ್ಲಿ ಇನ್ನೊಂದನ್ನು ತಂದು ನಿಲ್ಲಿಸುವುದು. ಅಲ್ಲಿ ಪ್ರತಿಜ್ಞೆ ಎಂದರೆ ಸಾಧಿಸಬೇಕಾದ ಮಾತು, ನಮ್ಮ ಆಡುನುಡಿಯಲ್ಲಿ ಕೊಟ್ಟ ಮಾತು. ಬಾಕುವಿನ ಪಠ್ಯದಲ್ಲಿ ಈ ಎರಡೂ ಅರ್ಥಗಳು ಒಟ್ಟಿಗೆ ಸಂದಿವೆ.

ಕೊನೆಗೊಂದು ಸಂದೇಹ ಉಳಿಯುತ್ತದೆ: ಸತ್ಯ, ವಂಚನೆ ಎಂಬವು ಮನುಷ್ಯರ ಗುಣಗಳು, ರಾಷ್ಟ್ರಗಳು ಹಿತಾಸಕ್ತಿಯಿಂದ ನಡೆಯುತ್ತವೆ, ಅವುಗಳ ಮಾತನ್ನು ಯೋಗಭಾಷ್ಯದ ಒರೆಗೆ ಹಚ್ಚುವುದು ತರವೇ? ತರ ಎನ್ನಲು ನನಗಿರುವ ಕಾರಣ ಭಾವುಕವಾದದ್ದಲ್ಲ. ಈ ಒಪ್ಪಂದಗಳ ಹಿಂದೆ ಪೊಲೀಸರಿಲ್ಲ, ಜಪ್ತಿ ಮಾಡುವ ಅಮೀನನಿಲ್ಲ. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ದೇಶಗಳ ಹವಾಮಾನ ಹೊಣೆಯ ಬಗ್ಗೆ ಕೊಟ್ಟದ್ದೂ ಸಲಹೆಯ ರೂಪದ ಅಭಿಪ್ರಾಯ. ಮಲಾವಿಯ ಮಂತ್ರಿ ತನ್ನ ದೇಶದ ಯೋಜನೆಯನ್ನು ಹೂಡುವುದು ಆ ಸಭೆಯಲ್ಲಿ ಆಡಿದ ಮಾತನ್ನು ನಂಬಿ. ಮಾತೊಂದೇ ಕಟ್ಟಾಗಿರುವ ಕಡೆ ಮಾತಿನ ಅರ್ಥವನ್ನು ಮೆತ್ತಗೆ ಬದಲಿಸುವುದು, ಕಟ್ಟನ್ನೇ ಬಿಚ್ಚಿದ ಹಾಗೆ.

ಸಾಲವೂ ಉಪಕಾರವೇ, ಅಗ್ಗದ ಸಾಲದಿಂದ ಎಷ್ಟೋ ಸೌರ ಸ್ಥಾವರಗಳು ಎದ್ದಿವೆ ಎಂಬ ಮಾತಿಗೆ ನನ್ನ ತಕರಾರಿಲ್ಲ. ಆದಾಯ ತರುವ ಯೋಜನೆಗೆ ಸಾಲ ತಕ್ಕದ್ದೇ. ಉಕ್ಕುವ ಕಡಲಿಗೆ ಕಟ್ಟುವ ಒಡ್ಡಿನಿಂದ, ಬರ ತಡೆಯುವ ಬೀಜದಿಂದ ಬಡ್ಡಿ ಹುಟ್ಟುವುದಿಲ್ಲ, ಅಲ್ಲಿಗೆ ಅನುದಾನ ಬೇಕು. ಉಪಯೋಗವಾಯಿತು ಎಂಬುದೂ ಕೊಟ್ಟಾಯಿತು ಎಂಬುದೂ ಒಂದೇ ಅಲ್ಲ ಎನ್ನುವುದಷ್ಟೇ ನನ್ನ ಹಟ. ಕೂಡಗಿಯಂಥ ಸ್ಥಾವರದ ಸಾಲದ ಬಡ್ಡಿ, ನಿಯಂತ್ರಣ ಆಯೋಗದ ದರ ನಿಗದಿಯ ಕ್ರಮದಲ್ಲಿ, ವಿದ್ಯುತ್ತಿನ ಸ್ಥಿರ ವೆಚ್ಚದಲ್ಲಿ ಸೇರುತ್ತದೆ. ಆ ವಿದ್ಯುತ್ತನ್ನು ಕರ್ನಾಟಕವೂ ಕೊಳ್ಳುತ್ತದೆ. ಜಪಾನಿನ ವರದಿಯಲ್ಲಿ ಅಭಿವೃದ್ಧಿಶೀಲ ದೇಶಕ್ಕೆ ಕೊಟ್ಟ ಹವಾಮಾನ ನೆರವೆಂದು ಬರೆದ ಮೊತ್ತ, ಅಸಲೂ ಬಡ್ಡಿಯೂ ಸೇರಿ, ವಿಜಯಪುರದ ಮನೆಗಳ ಕರೆಂಟ್ ಬಿಲ್ಲಿನಲ್ಲಿ ಕಂತುಕಂತಾಗಿ ಹಿಂದಕ್ಕೆ ಹೋಗುತ್ತಿರುತ್ತದೆ.